ಬಿಸಿನೀರಿಗೆ ಹೀಟ್ ಪಂಪ್: ಹಂಡೆ, ಗೀಸರ್ ಇರುವ ಮನೆಯವರು ಲಾಭ–ನಷ್ಟ ಲೆಕ್ಕ ಹಾಕುವುದು ಹೇಗೆ?

ಆಟಿ ತಿಂಗಳ ಮಳೆ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಮೀಟರ್ ರೀಡರ್ ಕೊಡೆ ಮಡಚಿ ಜಗಲಿಗೆ ಹತ್ತಿದರು, ಕೈಯಲ್ಲಿದ್ದ ಯಂತ್ರದಿಂದ ಚೀಟಿ ಹರಿದು ಕೊಟ್ಟರು. ಎರಡು ತಿಂಗಳಿಗೆ 660 ಯೂನಿಟ್. ಎಸಿ ಇಲ್ಲದ ಮನೆ. ಪಂಪ್‌ಸೆಟ್‌ಗೆ ಬೇರೆಯೇ ಮೀಟರ್. ಹಾಗಾದರೆ ಕರೆಂಟ್ ಹೋದದ್ದೆಲ್ಲಿಗೆ? ಬಚ್ಚಲಿಗೆ. ಮಳೆಗಾಲದಲ್ಲಿ ಎರಡು ಗೀಸರ್ ಬೆಳಗ್ಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದವು.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅದೇ ವಾರ ಅಂಗಡಿಯೊಂದರಲ್ಲಿ ಹೀಟ್ ಪಂಪ್ ಬಗ್ಗೆ ಕೇಳಿದೆ. "ಬಿಸಿನೀರಿನ ಕರೆಂಟ್ ಮುಕ್ಕಾಲು ಪಾಲು ಉಳಿಯುತ್ತದೆ ಸರ್" ಅಂದರು. ಮಾತು ಸುಳ್ಳಲ್ಲ. ಆದರೆ ಯಾವುದರ ಮುಕ್ಕಾಲು, ಯಾವ ದರದಲ್ಲಿ ಅನ್ನುವುದು ಒಂದೊಂದು ಮನೆಗೆ ಒಂದೊಂದು ಥರ. ನಮ್ಮ ಮನೆಯದ್ದನ್ನು ಕಾಗದದಲ್ಲಿ ಬರೆದು ಕೂಡಿಸಲು ನನಗೆ ಎರಡು ಮೂರು ವಾರ ಹಿಡಿಯಿತು. ಅದೇ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ಎರಡು ಮಾತು. ಫ್ರಿಜ್ಜಿನ ಹಿಂಬದಿ ಮುಟ್ಟಿದರೆ ಬಿಸಿ ಇರುತ್ತದೆ, ಅಲ್ವಾ? ಒಳಗಿನ ಬಿಸಿಯನ್ನು ಎಳೆದು ಹೊರಗೆ ಬಿಡುವುದರಿಂದ ಹಾಗೆ. ಹೀಟ್ ಪಂಪ್ ಸುತ್ತಲಿನ ಗಾಳಿಯ ಬಿಸಿಯನ್ನು ಎಳೆದು ಟ್ಯಾಂಕಿನ ನೀರಿಗೆ ಕೊಡುತ್ತದೆ. ಕರೆಂಟ್ ಖರ್ಚಾಗುವುದು ಕಂಪ್ರೆಸರ್ ಮತ್ತು ಫ್ಯಾನ್ ತಿರುಗಿಸಲು ಮಾತ್ರ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಮೂರು, ಮೂರೂವರೆ ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಈ ಪ್ರಮಾಣಕ್ಕೇ ಸಿಒಪಿ ಅನ್ನುತ್ತಾರೆ. ಗೀಸರ್‌ನಲ್ಲಿ ಅದು 1ಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ.

ಹೆಜ್ಜೆ 1: ಬಕೆಟ್, ಥರ್ಮಾಮೀಟರ್, ಗಡಿಯಾರ

ನೆನಪಿಡಬೇಕಾದ ಅಂಕೆ ಒಂದೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ವ್ಯಾಟ್-ಅವರ್ ಬೇಕು. ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್.

ನಮ್ಮ ಬಾವಿಯ ನೀರಿಗೆ ಥರ್ಮಾಮೀಟರ್ ಹಾಕಿದೆ. 27 ಡಿಗ್ರಿ. ಅಮ್ಮ "ಹದ ಆಯಿತು" ಅಂದ ಬಕೆಟ್‌ಗೆ ಹಾಕಿದೆ. 40 ಡಿಗ್ರಿ. 20 ಲೀಟರ್ ಬಕೆಟ್, 13 ಡಿಗ್ರಿ ಏರಿಕೆ. ಗುಣಿಸಿದರೆ ಸುಮಾರು 0.3 ಯೂನಿಟ್. ಎರಡು ಬಕೆಟ್ ಮಿಂದರೆ 0.6. ಮಗ ಶವರ್ ಕೆಳಗೆ ನಿಲ್ಲುವವನು. ಒಂದು ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೆ ಅಂತ ಬಕೆಟ್ ಇಟ್ಟು ನೋಡಿದೆ, 8 ಲೀಟರ್. ಅವನು ನಿಲ್ಲುವುದು 8 ನಿಮಿಷ. ಆ ಒಂದು ಸ್ನಾನಕ್ಕೆ ಹತ್ತಿರ ಹತ್ತಿರ 1 ಯೂನಿಟ್. ಅವನಿಗೆ ಹೇಳಿದೆ, ನಕ್ಕ. ಶವರ್ ಹಾಗೇ ಇದೆ.

ನಮ್ಮ ಮನೆಯಲ್ಲಿ ಆರು ಜನ. ಐದು ಜನರ ಎರಡೆರಡು ಬಕೆಟ್ 3 ಯೂನಿಟ್, ಶವರ್ 1, ಅಡುಗೆಮನೆ ಮತ್ತು ಸಂಜೆ ಕೈಕಾಲು ತೊಳೆಯುವುದಕ್ಕೆಲ್ಲ ಸೇರಿ ಅರ್ಧ. ದಿನಕ್ಕೆ 4.5 ಯೂನಿಟ್ ಶಾಖ.

ಮಡಿಕೇರಿಯ ನೆಂಟರು "ನಮಗೆ ನಾಲ್ಕೇ ವರ್ಷದಲ್ಲಿ ದುಡ್ಡು ವಾಪಸ್ ಬಂತು" ಅಂದರೆ ಅದನ್ನು ಇಲ್ಲಿಗೆ ತರಬೇಡಿ. ಅಲ್ಲಿ ನಲ್ಲಿಯ ನೀರು 18 ಡಿಗ್ರಿ ಇದ್ದರೆ 22 ಡಿಗ್ರಿ ಏರಿಸಬೇಕು, ನಮಗೆ 13 ಸಾಕು. ಕಾಯಿಸುವುದೇ ಕಡಿಮೆಯಾದ ಮೇಲೆ ಉಳಿಸುವುದೂ ಕಡಿಮೆ. ಬಿಸಿ ಊರಿನಲ್ಲಿ ಹೀಟ್ ಪಂಪ್ ಚೆನ್ನಾಗಿ ಓಡುತ್ತದೆ ಅನ್ನುತ್ತಾರೆ, ನಿಜವೇ. ಆದರೆ ಬಿಸಿ ಊರಿನಲ್ಲಿ ಅದಕ್ಕೆ ಕೆಲಸವೇ ಕಡಿಮೆ.

ಹೆಜ್ಜೆ 2: ಈಗಿನ ಬಿಸಿನೀರಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಗೀಸರ್ ಇದ್ದರೆ ಮೀಯುವ ಲೆಕ್ಕಕ್ಕೆ ಸೋರಿಕೆಯನ್ನೂ ಸೇರಿಸಿ. ನೀರು ಬಳಸದೆ ಸುಮ್ನೆ ಆನ್ ಇಟ್ಟರೂ ಅದು ಆರುತ್ತದೆ, ಮತ್ತೆ ಕಾಯುತ್ತದೆ. ಗೀಸರ್‌ನ ಸ್ಟಾರ್ ಲೇಬಲ್‌ನಲ್ಲಿ 24 ಗಂಟೆಯ ಈ ನಷ್ಟವನ್ನು ಬರೆದಿರುತ್ತಾರೆ. ನಮ್ಮ ಎರಡು ಹಳೆ ಗೀಸರ್‌ಗೆ ದಿನಕ್ಕೆ 1 ಯೂನಿಟ್ ಅಂತ ಹಿಡಿದೆ. ಒಟ್ಟು 5.5. ತಿಂಗಳಿಗೆ 165 ಯೂನಿಟ್, ಅಂದರೆ ನಮ್ಮ ಕರೆಂಟಿನ ಸರಿಯಾಗಿ ಅರ್ಧ!

ಗ್ಯಾಸ್ ಗೀಸರ್ ಇರುವವರಿಗೆ: ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್‌ನಷ್ಟು ಶಾಖ ಇರುತ್ತದೆ. 14.2 ಕಿಲೋ ಸಿಲಿಂಡರ್‌ನಲ್ಲಿ 180. ನೂರಕ್ಕೆ 80 ಪಾಲು ನೀರಿಗೆ ಸಿಕ್ಕಿದರೆ 144. ಸಿಲಿಂಡರ್‌ಗೆ 900 ರೂಪಾಯಿ ಅಂತಿಟ್ಟರೆ ಒಂದು ಯೂನಿಟ್ ಶಾಖಕ್ಕೆ ಆರೂಕಾಲು ರೂಪಾಯಿ. ಅದನ್ನು ಕಿಟಕಿ ಇಲ್ಲದ ಬಾತ್‌ರೂಮಿನ ಒಳಗೆ ಇಟ್ಟಿದ್ದರೆ ದುಡ್ಡಿನ ಲೆಕ್ಕ ಆಮೇಲೆ ಮಾಡಿ, ಇವತ್ತೇ ಹೊರಗೆ ಹಾಕಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಜೀವ ಹೋಗುತ್ತದೆ.

ಇನ್ನು ಹಂಡೆ. ಇಲ್ಲಿ ಲೆಕ್ಕ ಕಷ್ಟ, ಏಕೆಂದರೆ ಕೈಯಿಂದ ದುಡ್ಡು ಹೋಗುವುದಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಗೆರಟೆ ಎಲ್ಲ ತೋಟದ್ದೇ. ಆದರೆ ಮಳೆ ಹಿಡಿಯುವ ಮೊದಲು ಅದನ್ನು ಒಣಗಿಸಿ ಕೊಟ್ಟಿಗೆಗೆ ತುಂಬಬೇಕು. ಆಳು ಮಾಡಿದರೆ ಎರಡು ದಿನದ ಸಂಬಳ ಬರೆದುಕೊಳ್ಳಿ. ನೀವೇ ಮಾಡುವುದಾದರೆ ಬರೆಯಬೇಡಿ, ಆದರೆ ಇನ್ನೆಷ್ಟು ವರ್ಷ ಮಾಡುತ್ತೀರಿ ಅಂತ ಯೋಚಿಸಿ. ನಮ್ಮಲ್ಲಿ ಅಮ್ಮ ಬೆಳಿಗ್ಗೆ ಐದೂವರೆಗೆ ಬಚ್ಚಲೊಲೆಯ ಎದುರು ಕುಕ್ಕರಗಾಲಲ್ಲಿ ಕೂತು, ಒದ್ದೆ ಸಿಪ್ಪೆಗೆ ಊದಿ ಊದಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಂಡಿನೋವು ಜಾಸ್ತಿಯಾದ ಮೇಲೆಯೇ ಗೀಸರ್ ಬಂದದ್ದು. ಹಸುಗಳಿಗೆ ಅಂತ ಹೇಗೂ ದಿನಾ ಒಲೆ ಉರಿಯುವ ಮನೆಯಾದರೆ, ಒಲೆ ಹಚ್ಚಲು ಕೈಕಾಲು ಗಟ್ಟಿ ಇರುವವರು ಇದ್ದರೆ, ಹೀಟ್ ಪಂಪ್ ವಿಚಾರ ಇಲ್ಲಿಗೇ ಬಿಡಬಹುದು. ಯಾವ ಯಂತ್ರವೂ ಆ ಹಂಡೆಗಿಂತ ಅಗ್ಗ ಬೀಳುವುದಿಲ್ಲ.

ಹೆಜ್ಜೆ 3: ಬಿಲ್ಲಿನ ಸ್ಲ್ಯಾಬ್ ನೋಡಿ

ಈ ಹೆಜ್ಜೆ ತಪ್ಪಿದರೆ ಉಳಿದ ಲೆಕ್ಕವೆಲ್ಲ ತಪ್ಪು.

ಕೇರಳದಲ್ಲಿ ಮನೆಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ 50ಕ್ಕೆ ಅಗ್ಗ, ನಂತರದ 50ಕ್ಕೆ ಸ್ವಲ್ಪ ಜಾಸ್ತಿ, ಹೀಗೆ. 250 ದಾಟಿತೋ, ಮೆಟ್ಟಿಲು ಮುಗಿಯಿತು. ಮೊದಲ ಯೂನಿಟ್‌ನಿಂದ ಕೊನೆಯವರೆಗೆ ಎಲ್ಲದಕ್ಕೂ ಒಂದೇ ದೊಡ್ಡ ದರ, ಬಳಕೆ ಏರಿದಂತೆ ಆ ದರವೂ ಏರುತ್ತದೆ. ಹೆಚ್ಚಿನ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವ ಕಾರಣ ಚೀಟಿಯಲ್ಲಿ ಆ ಗಡಿ 500.

ನಮ್ಮದು ತಿಂಗಳಿಗೆ 330. ದುಂಡು ಅಂಕೆಯಲ್ಲಿ ನೋಡೋಣ, ನೀವು ನಿಮ್ಮ ಬಿಲ್ಲಿನ ದರ ಹಾಕಿಕೊಳ್ಳಿ. 330 ಯೂನಿಟ್‌ಗೆ ಏಳೂವರೆ ರೂಪಾಯಿಯಂತೆ 2,475. ಹೀಟ್ ಪಂಪ್‌ನಿಂದ 110 ಉಳಿದು (ಇದು ಹೇಗೆ ಅಂತ ಹೆಜ್ಜೆ 4ರಲ್ಲಿದೆ) 220ಕ್ಕೆ ಇಳಿದರೆ ಮೆಟ್ಟಿಲ ದರ ಮತ್ತೆ ಸಿಗುತ್ತದೆ. ಸರಾಸರಿ ಐದೂಕಾಲು ಬಿದ್ದರೆ 1,155. ಉಳಿದದ್ದು 1,320 ರೂಪಾಯಿ. 110 ಯೂನಿಟ್‌ಗೆ ಹಂಚಿದರೆ ಒಂದೊಂದಕ್ಕೆ 12 ರೂಪಾಯಿ! ಬಿಲ್ಲಿನಲ್ಲಿ ಎಲ್ಲೂ 12 ರೂಪಾಯಿ ದರ ಇಲ್ಲ, ಆದರೂ ಉಳಿಯುವುದು ಅಷ್ಟು. ಅದೇ 450 ಇದ್ದ ಮನೆ 340ಕ್ಕೆ ಇಳಿದರೆ 250ರ ಗಡಿಯ ಕೆಳಗೆ ಬರುವುದಿಲ್ಲ, ಉಳಿತಾಯ ಯೂನಿಟ್‌ಗೆ ಒಂಬತ್ತು–ಹತ್ತರ ಹತ್ತಿರ ನಿಲ್ಲುತ್ತದೆ. 180 ಇದ್ದದ್ದು 120 ಆದರೆ ಇನ್ನೂ ಕಡಿಮೆ.

ಗಡಿಯಾಚೆ ವಿಟ್ಲದಲ್ಲಿರುವ ಭಾವನ ಕಥೆ ಕೇಳಿ. ಕರ್ನಾಟಕದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ ಅವನ ಬಿಲ್ಲು ಸೊನ್ನೆ. ಹೀಟ್ ಪಂಪ್ ಹಾಕಿದರೆ ಅವನಿಗೆ ಉಳಿಯುವುದೂ ಸೊನ್ನೆ. ನಮ್ಮಿಬ್ಬರ ಮನೆಗೆ ಮುಕ್ಕಾಲು ಗಂಟೆ ದಾರಿ, ಒಂದೇ ಮಳೆ, ಒಂದೇ ಅಡಿಕೆ. ಲೆಕ್ಕ ಮಾತ್ರ ಬೇರೆ. ಹಾಗಾಗಿ ಮಂಗಳೂರು, ಬೆಂಗಳೂರಿನವರ ವಿಡಿಯೊ ನೋಡಿ ಕಾಸರಗೋಡಿನಲ್ಲಿ ತೀರ್ಮಾನ ಮಾಡಬೇಡಿ.

ಹೆಜ್ಜೆ 4: ಹೀಟ್ ಪಂಪ್ ಎಷ್ಟು ತಿನ್ನುತ್ತದೆ?

ಕರಪತ್ರದಲ್ಲಿ ಸಿಒಪಿ 4 ಅಂತ ಇರಬಹುದು. ನಾನು 3.3 ಹಿಡಿದೆ. ನೀರು ಬಿಸಿಯಾಗುತ್ತ ಹೋದಂತೆ ಯಂತ್ರ ಜಾಸ್ತಿ ತಿಣುಕುತ್ತದೆ; 50 ಡಿಗ್ರಿಗೆ ನಿಲ್ಲಿಸಿದರೆ ಸಿಗುವ ಲಾಭ 65ಕ್ಕೆ ಏರಿಸಿದರೆ ಸಿಗುವುದಿಲ್ಲ. ಜೊತೆಗೆ 200 ಲೀಟರ್ ಟ್ಯಾಂಕ್ ಇಡೀ ದಿನ ಬಿಸಿ ಇರುತ್ತದೆ, ಅದರ ನಷ್ಟ ದಿನಕ್ಕೆ 1.5 ಯೂನಿಟ್ ಶಾಖ ಅಂತ ಇಟ್ಟೆ.

4.5 ಕೂಡಿಸು 1.5, ಒಟ್ಟು 6. ಅದನ್ನು 3.3ರಿಂದ ಭಾಗಿಸಿದರೆ ದಿನಕ್ಕೆ 1.8 ಯೂನಿಟ್ ಕರೆಂಟ್. ತಿಂಗಳಿಗೆ 54. ಮೊದಲಿನ 165ರಿಂದ ಕಳೆದರೆ ಉಳಿತಾಯ 111. ಅಂಗಡಿಯವರು ಹೇಳಿದ ಮುಕ್ಕಾಲಿಗೆ ಬರಲಿಲ್ಲ, ಮೂರನೇ ಎರಡು ಪಾಲು ಬಂತು. ಇಬ್ಬರೇ ಇರುವ ಮನೆಯಲ್ಲಿ ಅಷ್ಟೂ ಬರುವುದಿಲ್ಲ, ಟ್ಯಾಂಕಿನ ನಷ್ಟವೇ ಸ್ನಾನಕ್ಕಿಂತ ಜಾಸ್ತಿ ಆಗುತ್ತದೆ.

ಹೆಜ್ಜೆ 5: ದುಡ್ಡು ಯಾವಾಗ ವಾಪಸ್?

ನನಗೆ ಸಿಕ್ಕಿದ ಕೊಟೇಶನ್: ಯಂತ್ರಕ್ಕೆ 95,000. ಪೈಪು, ಸ್ಟ್ಯಾಂಡ್, ಎಂಸಿಬಿ, ಕೂಲಿ ಸೇರಿ 15,000. ಒಟ್ಟು 1,10,000. ಅಪ್ಪ ಎಲ್ಲವನ್ನೂ ಅಡಿಕೆಯಲ್ಲಿ ಅಳೆಯುವವರು. ಕಿಲೋಗೆ 450 ಅಂತಿಟ್ಟು ತಕ್ಷಣ ಹೇಳಿದರು, "ಎರಡೂವರೆ ಕ್ವಿಂಟಾಲ್ ಬಚ್ಚಲಿಗೆ ಹೋಯಿತು!"

ಒಂದು ವರ್ಷದಲ್ಲಿ ಎಷ್ಟು ತಿಂಗಳು ಬಿಸಿನೀರು ಮೀಯುತ್ತೀರಿ? ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ಯಾರಿಗೂ ಬೇಡ. ಹಾಗಾಗಿ ಒಂಬತ್ತು ತಿಂಗಳು. ಕರಪತ್ರಗಳಲ್ಲಿ 365 ದಿನದ ಲೆಕ್ಕ ಇರುತ್ತದೆ, ಅದನ್ನು ಕಣ್ಣು ಮುಚ್ಚಿ ನಂಬಬೇಡಿ.

ತಿಂಗಳಿಗೆ 1,320ರಂತೆ ಒಂಬತ್ತು ತಿಂಗಳಿಗೆ 11,880. ಸರ್ವಿಸ್, ಟ್ಯಾಂಕ್ ಸವೆಯದಂತೆ ಕಾಯುವ ಆನೋಡ್ ಕಡ್ಡಿ ಇತ್ಯಾದಿಗೆ ವರ್ಷಕ್ಕೆ 1,500 ಕಳೆದರೆ ಸುಮಾರು 10,400. ಹತ್ತೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಗೀಸರ್‌ಗಳು ಹೇಗೂ ಹಾಳಾಗಿ, ಹೊಸದಕ್ಕೆ 20,000 ಹಾಕಲೇಬೇಕು ಅಂತಿದ್ದರೆ ಅದನ್ನು ಕಳೆಯಿರಿ. ಆಗ ಎಂಟೂವರೆ ವರ್ಷ. ಇನ್ನು 250ರ ಗಡಿಯ ಕೆಳಗೆ ಇಳಿದ ಲಾಭ ಸಿಗದೆ ಯೂನಿಟ್‌ಗೆ 8 ರೂಪಾಯಿಯಂತೆ ಮಾತ್ರ ಉಳಿದರೆ? 17 ವರ್ಷ. ಯಂತ್ರ 12 ವರ್ಷ ಬಾಳಿದರೆ ಪುಣ್ಯ ಅಂತಿಟ್ಟುಕೊಂಡರೆ ಅದು ಶುದ್ಧ ನಷ್ಟ.

ಸೊಸೈಟಿಯ ಎಫ್‌ಡಿಯನ್ನೂ ಮರೆಯಬೇಡಿ. ಅದೇ 1,10,000ಕ್ಕೆ ನೂರಕ್ಕೆ 7ರ ಬಡ್ಡಿ ಅಂದರೆ ವರ್ಷಕ್ಕೆ 7,700. ಅಸಲೂ ಅಲ್ಲೇ ಇರುತ್ತದೆ. ಬರೀ ದುಡ್ಡಿನ ಲೆಕ್ಕದಲ್ಲಿ ನಮ್ಮ ಮನೆಯದ್ದು ಅಂಚಿನಲ್ಲಿ ನಿಂತ ಲೆಕ್ಕ. ನಾನು ಹಾಕಿಸಿದ್ದು ಒಂದು ಗೀಸರ್ ತೂತಾದ್ದಕ್ಕೆ, ಮತ್ತೆ ಅಮ್ಮನಿಗೆ ಯಾವ ಹೊತ್ತಿನಲ್ಲೂ ಬಿಸಿನೀರು ಸಿಗಲಿ ಅಂತ. ಬೇಕಲದ ಕಡೆ ಹೋಂಸ್ಟೇ ನಡೆಸುವವರಿಗೆ ಈ ಯೋಚನೆಯೇ ಬೇಡ. ವರ್ಷವಿಡೀ ಶವರ್, ಕೋಣೆಗೊಂದು ಗೀಸರ್. ಅಂಥಲ್ಲಿ ನನಗಿಂತ ಎಷ್ಟೋ ಬೇಗ ಗಿಟ್ಟುತ್ತದೆ.

ಹೆಜ್ಜೆ 6: ಸೋಲಾರ್ ಜೊತೆ ಹೋಲಿಸಿ

ಸೋಲಾರ್ ವಾಟರ್ ಹೀಟರ್ ಇದಕ್ಕಿಂತ ಎಷ್ಟೋ ಅಗ್ಗ, ಬಿಸಿಲು ಪುಕ್ಕಟೆ. ಆದರೆ ನಮ್ಮ ಊರಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಿಸಿನೀರು ಬೇಕೇ ಬೇಕು ಅನಿಸುವ ದಿನಗಳಲ್ಲಿ ಸೂರ್ಯನ ಮುಖವೇ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಕೊತಕೊತ ಕುದಿಯುವ ನೀರು, ಆಗ ಯಾರಿಗೂ ಬೇಡ. ಹೀಟ್ ಪಂಪ್‌ಗೆ ಬಿಸಿಲು ಬೇಡ. 24–25 ಡಿಗ್ರಿಯ ಒದ್ದೆ ಗಾಳಿ ಇದ್ದರೂ ಖುಷಿಯಾಗಿ ಓಡುತ್ತದೆ.

ಮಾಡಿಗೆ ಕರೆಂಟ್ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮಾಡಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಆ ಮೇಲೆ ಬಿಲ್ಲು ಎಷ್ಟಕ್ಕೆ ಇಳಿಯುತ್ತದೆ ನೋಡಿ ಹೀಟ್ ಪಂಪ್ ಲೆಕ್ಕವನ್ನು ಹೊಸದಾಗಿ ಹಾಕಿ. ಬಿಲ್ಲು ಆಗಲೇ ಸಣ್ಣದಾಗಿದ್ದರೆ ಎರಡನೇ ಯಂತ್ರಕ್ಕೆ ಉಳಿಸಲು ಏನೂ ಇರುವುದಿಲ್ಲ.

ಹೆಜ್ಜೆ 7: ಜಾಗ, ನೀರು, ಕರೆಂಟ್

ಗಾಳಿ ಆಡುವ ಜಾಗವೇ ಬೇಕು. ನನಗೆ ಮೊದಲು ಬಂದವರು ಅಡಿಕೆ ಕೋಣೆಯ ಒಳಗೆ ಇಡೋಣ ಅಂದರು. ಮುಚ್ಚಿದ ಕೋಣೆಯಲ್ಲಿ ಅದು ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಸಿಒಪಿ ಬೀಳುತ್ತದೆ. ಆ ಗಾಳಿ ಒಣ ಗಾಳಿಯೂ ಹೌದು, ಮಳೆಗಾಲದಲ್ಲಿ ಅಡಿಕೆಗೆ ಒಳ್ಳೆಯದಲ್ವಾ ಅಂತ ನನಗೂ ಆಸೆ ಹುಟ್ಟಿತು. ಆದರೆ ದಿನಕ್ಕೆ ಎರಡು ಗಂಟೆ ಓಡುವ ಯಂತ್ರದಿಂದ ಕೋಣೆ ಒಣಗುವುದಿಲ್ಲ. ಕೊನೆಗೆ ಬಚ್ಚಲ ಹಿಂಬದಿ, ಮಾಡಿನ ಇಳಿಜಾರಿನ ಕೆಳಗೆ ಇಟ್ಟೆವು. ಎಸಿಯ ಹೊರಗಿನ ಡಬ್ಬದಷ್ಟು ಸದ್ದು ಇರುತ್ತದೆ, ಮಲಗುವ ಕೋಣೆಯ ಕಿಟಕಿ ಹತ್ತಿರ ಬೇಡ. ಅದರಿಂದ ತೊಟ್ಟಿಕ್ಕುವ ನೀರಿಗೆ ಒಂದು ಪೈಪು ಕೊಡಿ. ನಮ್ಮದು ಬಾಳೆಬುಡಕ್ಕೆ ಹೋಗುತ್ತದೆ.

ಟ್ಯಾಂಕಿನಿಂದ ನಲ್ಲಿಗೆ ಇರುವ ದೂರ ಅಳೆಯಿರಿ. ಮುಕ್ಕಾಲು ಇಂಚಿನ ಪೈಪು 15 ಮೀಟರ್ ಇದ್ದರೆ ಅದರೊಳಗೆ ನಾಲ್ಕೂವರೆ ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗಲೂ ಅಷ್ಟು ತಣ್ಣೀರು ಮೊದಲು ಹೋಗಬೇಕು, ಮುಚ್ಚಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಆರಬೇಕು. ಬಿಸಿನೀರಿಗೆ ಶಾಖ ತಡೆಯುವ ಪ್ಲಾಸ್ಟಿಕ್‌ನ ಸಿಪಿವಿಸಿ ಪೈಪೇ ಆಗಬೇಕು, ಮೇಲೆ ಫೋಮ್ ಸುತ್ತಬೇಕು.

ಮುರಕಲ್ಲಿನ ನೆಲದ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯಲು ಹಿತ, ಸೋಪು ನೊರೆ ಬರುತ್ತದೆ. ಆದರೆ ಸ್ವಲ್ಪ ಹುಳಿ ಗುಣದ್ದು, ಪಿಎಚ್ 7ಕ್ಕಿಂತ ಕೆಳಗೆ. ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಎನಾಮಲ್ ಲೇಪದ ಟ್ಯಾಂಕಿನಲ್ಲಿ ಮೆಗ್ನೀಸಿಯಂನ ಆನೋಡ್ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ನಮ್ಮದು ಎರಡನೇ ವರ್ಷಕ್ಕೆ ಪೆನ್ಸಿಲ್‌ನಷ್ಟು ತೆಳ್ಳಗಾಗಿತ್ತು. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯವರಿಗೆ ಇನ್ನೊಂದು ತಲೆನೋವು ಉಪ್ಪುಗಾಳಿ. ಹೊರಗಿನ ಫಿನ್‌ಗಳಿಗೆ (ತೆಳು ಲೋಹದ ಪಟ್ಟಿಗಳಿಗೆ) ತುಕ್ಕು ತಡೆಯುವ ಲೇಪ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಒಳನಾಡಿನಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವ ಮನೆಗಳಿವೆ. ಕಂಪ್ರೆಸರ್‌ಗೆ ಅದು ಆಗುವುದಿಲ್ಲ, ಸ್ಟೆಬಿಲೈಸರ್ ಖರ್ಚು ಸೇರಿಸಿ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಒಳ್ಳೆಯ ಅರ್ಥಿಂಗ್. ಮತ್ತೆ ಇರುವೆ! ಯಂತ್ರದ ಎಲೆಕ್ಟ್ರಾನಿಕ್ ಬೋರ್ಡಿನ ಡಬ್ಬದೊಳಗೆ ಗೂಡು ಕಟ್ಟಿದರೆ ಯಂತ್ರ ನಿಂತೇ ಹೋಗುತ್ತದೆ.

ಹೆಜ್ಜೆ 8: ತಗೊಳ್ಳುವ ಮೊದಲು ಕೇಳಬೇಕಾದದ್ದು

ರಿಪೇರಿಗೆ ಯಾರು ಬರುತ್ತಾರೆ, ಎಲ್ಲಿಂದ? ಮಂಗಳೂರಿನ ಅಂಗಡಿಯಲ್ಲಿ ಎರಡು ಸಾವಿರ ಕಡಿಮೆಗೆ ಸಿಗಬಹುದು. ಆದರೆ ಅವರ ಸರ್ವಿಸ್‌ನವರು ತಲಪಾಡಿ ದಾಟಿ ಬರುತ್ತಾರಾ? ಕೆಲವು ಕಂಪನಿಗಳು ಕೇರಳದ ದೂರನ್ನು ಕಣ್ಣೂರು, ಕೋಝಿಕ್ಕೋಡ್ ಕಡೆಗೆ ಕಳಿಸುತ್ತವೆ. ಇದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕಂಪ್ರೆಸರ್‌ಗೆ, ಟ್ಯಾಂಕಿಗೆ, ಬೋರ್ಡಿಗೆ ಬೇರೆ ಬೇರೆ ವಾರಂಟಿ ಇರುತ್ತದೆ. ಬೇಗ ಹೋಗುವುದು ಬೋರ್ಡ್, ಕಡಿಮೆ ವಾರಂಟಿಯೂ ಅದಕ್ಕೇ.

ಹೆಜ್ಜೆ 9: ಮೊದಲ ತಿಂಗಳು ಕಾವಲು ಕಾಯಿರಿ

ಒಂದು ಸಣ್ಣ ಸಬ್‌ಮೀಟರ್ ಹಾಕಿಸಿ. ಅದು ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ವಾರ ದಿನಕ್ಕೆ 1.8 ಬರಬೇಕಾದಲ್ಲಿ 4.6 ಯೂನಿಟ್ ಓಡಿತ್ತು. ಟ್ಯಾಂಕಿನೊಳಗೆ ಗೀಸರ್‌ನದ್ದೇ ಥರದ ಒಂದು ಕಾಯಿಲ್ ಕೂಡ ಇರುತ್ತದೆ, ಬೇಗ ಬಿಸಿಯಾಗಲಿ ಅಂತ. ಜೋಡಿಸಿದವರು ಎರಡೂ ಒಟ್ಟಿಗೆ ಓಡುವ ಮೋಡ್‌ನಲ್ಲಿ ಬಿಟ್ಟು, ಉಷ್ಣತೆ 65ಕ್ಕೆ ಇಟ್ಟು ಹೋಗಿದ್ದರು. ಲಕ್ಷ ರೂಪಾಯಿ ಕೊಟ್ಟು ಇನ್ನೊಂದು ಗೀಸರ್ ತಂದ ಹಾಗಾಗಿತ್ತು. ಇಕೋ ಮೋಡ್‌ಗೆ ಹಾಕಿ 50ಕ್ಕೆ ಇಳಿಸಿದೆ. ಮರುದಿನ 2.1, ಆ ಮೇಲೆ 1.9ರ ಆಸುಪಾಸು.

ವಾರಕ್ಕೊಮ್ಮೆ ಮಾತ್ರ 60 ಡಿಗ್ರಿಗೆ ಏರಿಸಿ. ನೀರು ಹದ ಬಿಸಿಯಲ್ಲಿ ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು, 60ರಲ್ಲಿ ಅದು ಸಾಯುತ್ತದೆ. ಟೈಮರ್ ಅನ್ನು ಮಧ್ಯಾಹ್ನ 12ರಿಂದ 3ಕ್ಕೆ ಇಡಿ. ಗಾಳಿ ಹೆಚ್ಚು ಬಿಸಿ ಇರುವ ಹೊತ್ತು ಅದು, ಸೋಲಾರ್ ಇದ್ದರೆ ಅದರ ಕರೆಂಟೂ ಸಿಗುತ್ತದೆ. ತಿಂಗಳಿಗೆ 250 ದಾಟುವ ಮನೆಗಳಿಗೆ ಸಂಜೆ 6ರಿಂದ 10ರವರೆಗೆ ದರವೂ ಜಾಸ್ತಿ, ಆ ಹೊತ್ತಿನಲ್ಲಿ ಓಡುವುದೇ ಬೇಡ. ಮಧ್ಯಾಹ್ನ ಕಾಯಿಸಿದ ನೀರು ಮರುದಿನ ಬೆಳಿಗ್ಗೆ ನಮ್ಮಲ್ಲಿ 46 ಡಿಗ್ರಿ ಇರುತ್ತದೆ. ರಾತ್ರಿಯಿಡೀ ಕರೆಂಟ್ ಇಲ್ಲದಿದ್ದರೂ ಬೆಳಗಿನ ಸ್ನಾನ ತಪ್ಪುವುದಿಲ್ಲ.

ಹಂಡೆಯನ್ನು ಗುಜರಿಗೆ ಹಾಕಬೇಡಿ. ಹೋದ ಜುಲೈಯಲ್ಲಿ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಟ್ಯಾಂಕ್ ತಣ್ಣಗಾಯಿತು. ಆಗ ಒಲೆ ಹಚ್ಚಿದವನು ಶವರ್‌ನ ಮಗನೇ.